ಕಂಸಾಳೆ ಕೇಳುವ ಕಿವಿಗೆ ಯಾವ ಇಯರ್‌ಫೋನ್?

ಹಾಸ್ಟೆಲ್‌ನಲ್ಲಿ ಯಾರಾದರೂ ಹೊಸ ಇಯರ್‌ಫೋನ್ ತಂದರೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಕೊಟ್ಟೆ?’. ಎರಡನೆಯದು ‘ಬಾಸ್ ಹೆಂಗದ?’. ‘ಅದರಲ್ಲಿ ಏನು ಕೇಳ್ತೀಯ, ಎಲ್ಲಿ ಕೂತು ಕೇಳ್ತೀಯ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಈ ಮೂರನೇ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮೊದಲೇ ನಮಗೆ ನಾವೇ ಕೇಳಿಕೊಂಡರೆ, ವರ್ಷ ವರ್ಷವೂ ‘ಅಪ್‌ಗ್ರೇಡ್’ ಹೆಸರಿನಲ್ಲಿ ಜೇಬಿನಿಂದ ಸೋರುವ ಒಂದೆರಡು ಸಾವಿರ ಉಳಿಯುತ್ತದೆ ಎಂಬುದು ನನ್ನ ವಾದ. ಚಾಮರಾಜನಗರದಲ್ಲಿ ಬಿ.ಇ. ಓದುವವರಿಗಾಗಲಿ, ಗುಂಡ್ಲುಪೇಟೆಯ ಮನೆಯಲ್ಲಿ ಕೂತು ಒಂದರ ಮೇಲೊಂದು ಕೆಲಸಕ್ಕೆ ಅರ್ಜಿ ಹಾಕುತ್ತಿರುವವರಿಗಾಗಲಿ ಅದು ಸಣ್ಣ ಮೊತ್ತವಲ್ಲ. ಬೆಂಗಳೂರಿಗೆ ಒಂದು ಸಂದರ್ಶನಕ್ಕೆ ಹೋಗಿ ಬರುವ ಖರ್ಚು ಅದು.

ಬೆಲೆ ಹೆಚ್ಚಿದಷ್ಟೂ ಸದ್ದು ಚೆನ್ನ ಎಂಬ ನಂಬಿಕೆಯಿಂದಲೇ ಶುರು ಮಾಡೋಣ. ಜೆರೋನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಜೊತೆ ಹೋಲಿಸಿ 2017ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಶೀರ್ಷಿಕೆಯಲ್ಲೇ ಉತ್ತರವಿದೆ: ಹೆಡ್‌ಫೋನಿನ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಅದರ ಬೆಲೆಗೂ ಸಂಬಂಧವಿಲ್ಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಎಂದರೆ ತಗ್ಗಿನ ಸ್ವರ, ನಡುವಿನ ಸ್ವರ, ಏರು ಸ್ವರಗಳಲ್ಲಿ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದರ ಲೆಕ್ಕ. ಇಯರ್‌ಫೋನಿನ ಸ್ವಭಾವ ಬಹುಪಾಲು ತೀರ್ಮಾನವಾಗುವುದು ಇಲ್ಲಿಯೇ. ಡಬ್ಬದ ಮೇಲೆ ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂದು ಅಚ್ಚಾಗಿರುತ್ತದಲ್ಲ, ಅದರಿಂದ ಏನೂ ತಿಳಿಯುವುದಿಲ್ಲ. ಅದು ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ ಅಷ್ಟೇ. ಮೈಸೂರಿನಿಂದ ಊಟಿಗೆ ಬಸ್ಸಿದೆ ಎಂದು ಹೇಳಿ, ಅದು ಯಾವ ಊರಿನಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳದೇ ಬಿಟ್ಟ ಹಾಗೆ.

ನಮ್ಮ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಮುನ್ನೂರರಿಂದ ಏಳುನೂರು ರೂಪಾಯಿಯ ಇಯರ್‌ಫೋನ್‌ಗಳಲ್ಲಿ ಬಹಳಷ್ಟು ಒಂದೇ ಜಾಯಮಾನದವು. ಬೋಟ್ ಬಾಸ್‌ಹೆಡ್ಸ್ 100 ಹೆಸರಿನಲ್ಲೇ ತನ್ನ ಗುಣ ಹೇಳಿಕೊಂಡುಬಿಟ್ಟಿದೆ. ಬಾಸ್ ಏರಿಸಿ, ಮೇಲಿನ ಸ್ವರಗಳನ್ನೂ ಒಂದಿಷ್ಟು ಏರಿಸಿ, ನಡುವನ್ನು ತಗ್ಗಿಸಿದರೆ ಗ್ರಾಫಿನಲ್ಲಿ ಇಂಗ್ಲಿಷ್‌ನ ‘ವಿ’ ಅಕ್ಷರದ ಆಕಾರ ಬರುತ್ತದೆ. ಇದು ಅಂಗಡಿಯಲ್ಲಿ ನಿಂತು ಅರ್ಧ ನಿಮಿಷ ಕೇಳುವವರನ್ನು ಗೆಲ್ಲುವ ಸದ್ದು. ಭುವನೇಶ್ವರಿ ವೃತ್ತದ ವಾಹನಗಳ ಗಲಾಟೆಯ ನಡುವೆ ‘ಧಂ’ ಎನ್ನುವುದು ಮಾತ್ರ ಕಿವಿಗೆ ಬೀಳುತ್ತದೆ, ‘ಭಾರಿ ಬಾಸ್ ಅದ, ತಕ್ಕೊ’ ಎಂದು ಜೊತೆಗಿದ್ದವನೂ ಹೇಳುತ್ತಾನೆ. ಇನ್ನೊಂದು ಸಂಗತಿ: ಎರಡು ಇಯರ್‌ಫೋನ್‌ಗಳನ್ನು ಹೋಲಿಸುವಾಗ ಯಾವುದು ಸ್ವಲ್ಪ ಜೋರಾಗಿ ಕೇಳಿಸುತ್ತದೋ ಅದೇ ಚೆನ್ನಾಗಿದೆ ಎಂದು ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಹಾಗಾಗಿ ಒಂದರ ವಾಲ್ಯೂಮ್ ಇಳಿಸಿ, ಎರಡನ್ನೂ ಸಮಕ್ಕೆ ತಂದುಕೊಂಡು ಕೇಳದಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ.

‘ವಿ’ ಸದ್ದಿನ ತೊಂದರೆಯನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಯಾವ ಯೂಟ್ಯೂಬ್ ವಿಮರ್ಶಕನೂ ಅಲ್ಲ, ನಮ್ಮ ತಾತ. ಅವರಿಗೆ ಮಾದಪ್ಪನ ಕಥೆ ಎಂದರೆ ಪ್ರಾಣ. ಹಳೇ ಕ್ಯಾಸೆಟ್‌ನಿಂದ ಮೊಬೈಲಿಗೆ ಇಳಿಸಿದ್ದ ಕಂಸಾಳೆ ಹಾಡೊಂದನ್ನು ಅಂಥ ಇಯರ್‌ಫೋನ್ ಹಾಕಿ ಕೇಳಿಸಿದೆ. ಎರಡು ನಿಮಿಷ ಕೇಳಿ ತೆಗೆದುಕೊಟ್ಟರು. ‘ಹಾಡೋನು ಆಚೆ ಬೀದಿಲಿ ಕೂತ್ಕಂಡವ್ನೆ ಕನಪ್ಪ. ತಾಳ ಮಾತ್ರ ಕಿವಿಯೊಳಕ್ಕೇ ಬಂದು ಹೊಡಿತದ’ ಎಂದರು. ನಾಲ್ಕು ಸೆಮಿಸ್ಟರ್ ಸಿಗ್ನಲ್ ಪಾಠ ಕೇಳಿದ ಮೇಲೂ ನಾನು ಇಷ್ಟು ಚೊಕ್ಕವಾಗಿ ಹೇಳಲಾರೆ.

ಅವರು ಹೇಳಿದ್ದಕ್ಕೆ ಕಾರಣವಿದೆ. ಕಂಸಾಳೆ ಕಂಚಿನ ಜೋಡಿ ತಾಳ, ಒಂದು ಬಟ್ಟಲಿನಂತೆ, ಇನ್ನೊಂದು ಚಪ್ಪಟೆ. ಲೋಹಕ್ಕೆ ಲೋಹ ತಾಗಿದಾಗ ಹುಟ್ಟುವ ಆ ಝಣ್ ಎನ್ನುವ ಹೊಳಪೆಲ್ಲ ಏರು ಸ್ವರಗಳಲ್ಲಿದೆ. ಕಥೆ ಇರುವುದು ಹಾಡುಗಾರನ ದನಿಯಲ್ಲಿ. ಗಂಡಸಿನ ಮಾತಿನ ಮೂಲ ಸ್ವರ ಸುಮಾರು 85ರಿಂದ 180 ಹರ್ಟ್ಸ್ ನಡುವೆ ಇದ್ದರೂ, ಪದ ಪದವೂ ಬಿಡಿಬಿಡಿಯಾಗಿ ಅರ್ಥವಾಗುವುದು ಅದಕ್ಕಿಂತ ಬಹಳ ಮೇಲಿನ, ಒಂದರಿಂದ ನಾಲ್ಕು ಸಾವಿರ ಹರ್ಟ್ಸ್ ಆಸುಪಾಸಿನ ಭಾಗದಿಂದ. ‘ವಿ’ ಆಕಾರ ತಗ್ಗಿಸುವುದು ಈ ನಡುವಿನ ಜಾಗವನ್ನೇ. ತಂಬೂರಿಯ ನಾದ ಮಂಕಾಗುತ್ತದೆ, ಹಾಡುಗಾರ ಹಿಂದಕ್ಕೆ ಸರಿಯುತ್ತಾನೆ, ತಾಳ ಮಾತ್ರ ಮುಂದೆ ಬಂದು ಕೂರುತ್ತದೆ. ಕ್ಯಾಸೆಟ್ಟಿನ ‘ಸ್ಸ್’ ಎನ್ನುವ ಸದ್ದೂ ಅದರ ಜೊತೆಗೆ ಏರುತ್ತದೆ.

ಹಾಗಾದರೆ ‘ವಿ’ ಕೆಟ್ಟದ್ದೇ? ಅಲ್ಲವೇ ಅಲ್ಲ. ನಮ್ಮ ಜಿಲ್ಲೆಯದೇ ಹಾಡೊಂದನ್ನು ತೆಗೆದುಕೊಂಡು ನೋಡಿ. ಕೋಲುಮಂಡೆ ಜಂಗಮನ ಹಾಡು ಮಾದಪ್ಪನ ಗುಡ್ಡರ ಬಾಯಲ್ಲಿ, ತಂಬೂರಿ ಕಂಸಾಳೆಯ ಜೊತೆ ಒಂದು ರೂಪದಲ್ಲಿದೆ. 1996ರ ‘ಜನುಮದ ಜೋಡಿ’ ಚಿತ್ರಕ್ಕೆ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿ ರಾಜ್ಯ ಪ್ರಶಸ್ತಿ ಪಡೆದದ್ದು ಇನ್ನೊಂದು ರೂಪ. 2020ರಲ್ಲಿ ಚಂದನ್ ಶೆಟ್ಟಿ ಅದನ್ನೇ ಈ ಕಾಲದ ಬೀಟ್‌ಗೆ ಕೂರಿಸಿದರು. (ಆ ವಿಡಿಯೊ ಸುತ್ತ ಎದ್ದ ವಿವಾದ ಬೇರೆಯೇ ಮಾತು, ಇಲ್ಲಿ ಬೇಡ.) ಬೀಟ್ ಹಾಡಿನಲ್ಲಿ ತಗ್ಗಿನ ಗುದ್ದೇ ಜೀವಾಳ, ಅದಕ್ಕೆ ‘ವಿ’ ಹೇಳಿ ಮಾಡಿಸಿದಂತಿರುತ್ತದೆ. ಸಿನಿಮಾ ಹಾಡು ಹೇಗೋ ನಡೆದುಹೋಗುತ್ತದೆ. ಗುಡ್ಡರ ಹಾಡು ಮಾತ್ರ ಸೋಲುತ್ತದೆ. ಕಥೆ ಒಂದೇ, ಇಯರ್‌ಫೋನ್ ಒಂದೇ, ಫಲಿತಾಂಶ ಮಾತ್ರ ಬೇರೆ. ‘ಬೆಸ್ಟ್ ಇಯರ್‌ಫೋನ್ ಯಾವುದು?’ ಎಂದು ಯಾರಾದರೂ ಕೇಳಿದಾಗ ‘ಯಾವ ಹಾಡಿಗೆ?’ ಎಂದು ನಾನು ಮರುಪ್ರಶ್ನೆ ಹಾಕುವುದು ಇದಕ್ಕೇ.

ಸಾಮಾನ್ಯ ಕೇಳುಗರಿಗೆ ಎಂಥ ಸದ್ದು ಹಿತ ಎಂದು ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಪ್ರಯೋಗ ಮಾಡಿ ಒಂದು ಗೆರೆ ಎಳೆದಿದ್ದಾರೆ. ಅದಕ್ಕೆ ಹರ್ಮನ್ ಟಾರ್ಗೆಟ್ ಎನ್ನುತ್ತಾರೆ. ಈಗಿನ ಅಗ್ಗದ ಚೀನೀ ಇಯರ್‌ಫೋನ್‌ಗಳಲ್ಲಿ ಹಲವು ಈ ಗೆರೆಯ ಹತ್ತಿರ ಹತ್ತಿರ ಸುಳಿಯುತ್ತವೆ. ಒಳ್ಳೆಯ ಕೆಲಸವೇ, ನಾನೇನೂ ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅವರದೇ ಪ್ರಯೋಗದಲ್ಲಿ ಬಹುಪಾಲು ಜನ ಆ ಗೆರೆಯನ್ನು ಮೆಚ್ಚಿದರೆ, ಒಂದು ಗುಂಪು ಇನ್ನೂ ಬಾಸ್ ಬೇಕು ಎಂದಿತು, ಮತ್ತೊಂದು ಗುಂಪು ಇಷ್ಟು ಬೇಡ ಎಂದಿತು. ಅಲ್ಲಿ ಪರೀಕ್ಷೆಗೆ ಬಳಸಿದ ಹಾಡುಗಳಲ್ಲಿ ಟ್ರೇಸಿ ಚಾಪ್‌ಮನ್ ಅವರ ‘ಫಾಸ್ಟ್ ಕಾರ್’ ಪ್ರಸಿದ್ಧ. ನಮ್ಮ ಪರೀಕ್ಷೆಯ ಹಾಡನ್ನು ನಾವೇ ಆರಿಸಿಕೊಳ್ಳಬೇಕು. ನಿಮಗೆ ಬಾಯಿಪಾಠ ಬರುವ ಮೂರು ಹಾಡು ಸಾಕು. ದನಿಗೆ ಒಂದು, ತಾಳಕ್ಕೆ ಒಂದು, ಗುದ್ದಿಗೆ ಒಂದು.

ನನ್ನನ್ನೇ ಕೇಳಿದರೆ, ಪಿ.ಬಿ. ಶ್ರೀನಿವಾಸ್ ಹಾಡಿದ ರಾಜ್‌ಕುಮಾರ್ ಚಿತ್ರಗಳ ಹಳೆಯ ಹಾಡುಗಳು, ಸಿ. ಅಶ್ವಥ್ ಅವರ ಭಾವಗೀತೆ, ತಾಳವಾಡಿ ಕಡೆಯ ಗೆಳೆಯರಿಂದ ನಮಗೂ ಅಂಟಿದ ಇಳಯರಾಜಾ, ಇವನ್ನು ಹೆಚ್ಚು ಕೇಳುವವರು ನಡುವಿನ ಸ್ವರ ತಗ್ಗಿಸದ ಇಯರ್‌ಫೋನ್ ಹುಡುಕಬೇಕು. ಟ್ಯಾಂಗ್ಜು ವಾನರ್, ಮೂನ್‌ಡ್ರಾಪ್ ಚೂ 2 ಇಂಥವು. ಸಾವಿರದೈನೂರರಿಂದ ಎರಡು ಸಾವಿರ ಚಿಲ್ಲರೆಯ ಆಸುಪಾಸಿನಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತವೆ. ‘ಕೆಜಿಎಫ್’ಗೆ ರವಿ ಬಸ್ರೂರು ಕೊಟ್ಟ ಅಬ್ಬರ, ಅರ್ಜುನ್ ಜನ್ಯ ಅವರ ಕುಣಿತದ ಹಾಡು, ರ‍್ಯಾಪ್ ಇವೇ ನಿಮ್ಮ ದಿನಚರಿಯಾಗಿದ್ದರೆ ಕೆಝಡ್ ಇಡಿಎಕ್ಸ್ ಪ್ರೊದಂಥ, ಬೆಲೆಯಲ್ಲಿ ಅದಕ್ಕಿಂತಲೂ ಕಡಿಮೆಯ, ‘ವಿ’ ಸ್ವಭಾವದ್ದೇ ಸಾಕು. ಹೆಚ್ಚು ದುಡ್ಡು ಕೊಟ್ಟು ‘ಸಮತೋಲನ’ದ್ದನ್ನು ತಂದು ‘ಸಪ್ಪೆಯಾಗಿದೆ’ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ. ಒಂದೇ ಕಂಪನಿ ಎರಡು ರುಚಿಗೆ ಎರಡು ಮಾಡುವುದೂ ಉಂಟು. ಸೆವೆನ್‌ಹರ್ಟ್ಸ್ ಕಂಪನಿಯು ಸಿಂಗಪುರದ ವಿಮರ್ಶಕ ಕ್ರಿನಾಕಲ್ ಜೊತೆ ಸೇರಿ 2022ರಲ್ಲಿ ತಂದ ‘ಝೀರೊ’ದಲ್ಲಿ ಬಾಸ್ ಹಿಡಿತದಲ್ಲಿತ್ತು. ಮರುವರ್ಷದ ‘ಝೀರೊ 2’ರಲ್ಲಿ ಅದನ್ನು ಏರಿಸಿದರು. ಎರಡನೆಯದು ಮೊದಲನೆಯದರ ‘ಅಪ್‌ಗ್ರೇಡ್’ ಎಂದು ತಿಳಿದು ಕೊಂಡರೆ, ಕಡಿಮೆ ಬಾಸ್ ಇಷ್ಟಪಡುವವನಿಗೆ ಅದು ಹಿನ್ನಡೆ!

ಇಷ್ಟೆಲ್ಲ ಹಾಡಿನ ಮಾತಾಯಿತು. ನಿಜ ಹೇಳಬೇಕೆಂದರೆ ನಮ್ಮ ಇಯರ್‌ಫೋನ್ ಅರ್ಧ ಹೊತ್ತು ಹಾಡನ್ನೇ ಕೇಳುವುದಿಲ್ಲ. ಪರೀಕ್ಷೆಗೆ ವಾರವಿದ್ದಾಗ ಎನ್‌ಪಿಟೆಲ್ ಪಾಠ, ಕೆಲಸ ಹುಡುಕುವವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಆನ್‌ಲೈನ್ ತರಗತಿ, ಆಮೇಲೆ ಫೋನಿನಲ್ಲೇ ನಡೆಯುವ ಮೊದಲ ಸುತ್ತಿನ ಸಂದರ್ಶನ. ಇಲ್ಲಿ ಮೈಕ್ ಮುಖ್ಯ. ಮೇಲೆ ಹೇಳಿದ ಚೀನೀ ಇಯರ್‌ಫೋನ್‌ಗಳಲ್ಲಿ ಕೆಲವು ಮೈಕ್ ಇರುವ, ಮೈಕ್ ಇಲ್ಲದ ಎರಡು ಬಗೆಯಲ್ಲೂ ಬರುತ್ತವೆ. ಆರ್ಡರ್ ಮಾಡುವಾಗ ಅದನ್ನು ನೋಡದೆ ಗುಂಡಿ ಒತ್ತಬೇಡಿ. ಸಂದರ್ಶನದ ದಿನ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು ‘ಸರ್, ಈಗ ಕೇಳಿಸ್ತಿದೆಯಾ?’ ಎನ್ನುವ ಪಾಡು ಯಾರಿಗೂ ಬೇಡ.

ಇನ್ನು ಎಲ್ಲಿ ಕೂತು ಕೇಳುತ್ತೀರಿ ಎಂಬ ಮಾತು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಹೋಗುವವರಿಗೆ ಇದನ್ನು ವಿವರಿಸಬೇಕಿಲ್ಲ. ಡೀಸೆಲ್ ಎಂಜಿನ್ನಿನ ಗೊರಗೊರ, ಚಕ್ರದ ಸದ್ದು, ಕಿಟಕಿ ಗಾಜಿನ ಕಂಪನ. ಎಂಜಿನ್ ಮತ್ತು ಚಕ್ರದ ಸದ್ದು ಹೆಚ್ಚಾಗಿ ತಗ್ಗಿನ ಸ್ವರಗಳಲ್ಲಿದೆ. ಹಾಡಿನ ಬಾಸ್ ಇರುವುದೂ ಅಲ್ಲೇ. ಒಂದನ್ನೊಂದು ನುಂಗುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಚೆನ್ನಾಗಿದ್ದ ಬಾಸ್ ಬಸ್ಸಿನಲ್ಲಿ ಎಲ್ಲಿ ಹೋಯಿತು ಎಂದು ನಾವು ವಾಲ್ಯೂಮ್ ಏರಿಸುತ್ತೇವೆ, ಇಲ್ಲವೇ ‘ಇದು ಸಾಲದು, ಇನ್ನೂ ಒಳ್ಳೆಯದು ಕೊಳ್ಳಬೇಕು’ ಎಂದುಕೊಳ್ಳುತ್ತೇವೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ: ತುದಿಯ ರಬ್ಬರ್ ಬದಲಿಸುವುದು.

ನಕ್ಕುಬಿಡಬೇಡಿ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ. ಕಿವಿಯೊಳಗೆ ಇಡುವ ಇಯರ್‌ಫೋನಿನ ಬಾಸ್ ನಿಂತಿರುವುದೇ ಕಿವಿಯ ಕೊಳವೆ ಬಿಗಿಯಾಗಿ ಮುಚ್ಚುವುದರ ಮೇಲೆ. ಸಣ್ಣ ಸಂದು ಉಳಿದರೂ ಬಾಸ್ ಅಲ್ಲಿಂದ ಸೋರಿಹೋಗುತ್ತದೆ, ಹೊರಗಿನ ಗದ್ದಲ ಅಲ್ಲಿಂದಲೇ ಒಳಗೆ ಬರುತ್ತದೆ. ಡಬ್ಬದಲ್ಲಿ ಸಣ್ಣ, ಮಧ್ಯಮ, ದೊಡ್ಡದು ಎಂದು ಮೂರು ಜೊತೆ ಕೊಟ್ಟಿರುತ್ತಾರೆ. ಬಹಳಷ್ಟು ಜನ ಸಿಕ್ಕಿಸಿ ಬಂದಿರುವ ಮಧ್ಯಮದಲ್ಲೇ ವರ್ಷಗಟ್ಟಲೆ ಕಾಲ ಹಾಕುತ್ತಾರೆ. ಉಳಿದವು ಡಬ್ಬದ ಜೊತೆ ಕಸಕ್ಕೆ ಹೋಗಿರುತ್ತವೆ. ಹಾಡು ನಡೆಯುತ್ತಿರುವಾಗ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಿ. ಬಾಸ್ ದಿಢೀರನೆ ಹೆಚ್ಚಾದರೆ ನಿಮ್ಮ ರಬ್ಬರ್ ಅಳತೆ ಸರಿಯಿಲ್ಲ ಎಂದೇ ಅರ್ಥ. ಎಡ ಕಿವಿಗೂ ಬಲ ಕಿವಿಗೂ ಅಳತೆ ಬೇರೆ ಇರಬಹುದು, ಒಂದಕ್ಕೆ ಮಧ್ಯಮ ಇನ್ನೊಂದಕ್ಕೆ ದೊಡ್ಡದು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಕೆಲವು ನೂರು ರೂಪಾಯಿಗೆ ಫೋಮ್ ತುದಿಗಳೂ ಸಿಗುತ್ತವೆ. ಹಿಸುಕಿ ಕಿವಿಗಿಟ್ಟರೆ ಒಳಗೆ ಅರಳಿ ಬಿಗಿಯಾಗುತ್ತವೆ. ಬಸ್ಸಿನ ಗದ್ದಲಕ್ಕೆ ಅವು ಸಿಲಿಕೋನ್‌ಗಿಂತ ಮೇಲು, ಆದರೆ ಬೆವರು, ಗುಗ್ಗೆಗೆ ಬೇಗ ಹಾಳಾಗುತ್ತವೆ.

ಇದರಲ್ಲಿ ದುಡ್ಡಿಗಿಂತ ದೊಡ್ಡ ಸಂಗತಿ ಕಿವಿಯದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಸುರಕ್ಷಿತವಾಗಿ ಸಂಗೀತ ಕೇಳುವುದರಿಂದ ನೂರು ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ. ಅದು ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯಬೇಕು. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಐದೇ ಗಂಟೆ. ದಿನಾ ಒಂದು ಗಂಟೆ ಹೋಗುವ ದಾರಿ, ಒಂದು ಗಂಟೆ ಬರುವ ದಾರಿ ವಾಲ್ಯೂಮ್ ತುಂಬಾ ಏರಿಸಿಕೊಂಡು ಕೂತರೆ ವಾರದ ಪಾಲು ಬುಧವಾರಕ್ಕೇ ಮುಗಿಯಬಹುದು. ಒಳಕಿವಿಯ ಸೂಕ್ಷ್ಮ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ರಾತ್ರಿ ಮಲಗಿದಾಗ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಎಚ್ಚರಿಕೆ, ಹೊಸ ಮಾಡೆಲ್‌ಗೆ ಆರ್ಡರ್ ಹಾಕುವ ಹೊತ್ತಲ್ಲ. ಬಿಗಿಯಾದ ತುದಿ ಹೊರಗಿನ ಗದ್ದಲ ತಡೆದರೆ ವಾಲ್ಯೂಮ್ ತಾನಾಗಿ ಎರಡು ಮೂರು ಗೆರೆ ಇಳಿಯುತ್ತದೆ. ಬಸ್ಸಿನಿಂದ ಇಳಿದು ಗುಂಡ್ಲುಪೇಟೆಯಲ್ಲಿ ಹೆದ್ದಾರಿ ದಾಟುವಾಗ ಮಾತ್ರ ದಯವಿಟ್ಟು ಅದನ್ನು ಕಿವಿಯಿಂದ ತೆಗೆಯಿರಿ. ಊಟಿಗೂ ವಯನಾಡಿಗೂ ಹೋಗುವ ಗಾಡಿಗಳು ನಮ್ಮ ಹಾಡು ಮುಗಿಯಲಿ ಎಂದು ಕಾಯುವುದಿಲ್ಲ.

ತುದಿ ಸರಿಹೋದ ಮೇಲೆ ಎರಡನೇ ‘ಅಪ್‌ಗ್ರೇಡ್’ ಪುಕ್ಕಟೆ. ಫೋನಿನಲ್ಲೇ ಈಕ್ವಲೈಸರ್ ಇರುತ್ತದೆ. ಆಂಡ್ರಾಯ್ಡ್‌ಗೆ ವೇವ್‌ಲೆಟ್ ಎಂಬ ಆ್ಯಪ್ ಇದ್ದು, ಅದರಲ್ಲಿ ಸಾವಿರಾರು ಮಾಡೆಲ್‌ಗಳಿಗೆ ಸಿದ್ಧ ತಿದ್ದುಪಡಿಗಳಿವೆ. ತಾತನ ಕಂಸಾಳೆ ಹಾಡಿಗೆ ನಾನು ಮಾಡಿದ್ದು ಇಷ್ಟೇ: ಬಾಸ್ ಇಳಿಸಿದೆ, ತೀರಾ ಮೇಲಿನ ಸ್ವರ ಇಳಿಸಿದೆ, ನಡುವಿನದನ್ನು ಒಂದು ಚೂರು ಏರಿಸಿದೆ. ಅದೇ ಅಗ್ಗದ ಇಯರ್‌ಫೋನಿನಲ್ಲಿ ಹಾಡುಗಾರ ಆಚೆ ಬೀದಿಯಿಂದ ಜಗುಲಿಗೆ ಬಂದ. ಒಳಮನೆಗೆ ಬರಲಿಲ್ಲ, ಅದೂ ನಿಜ.

ಇವೆರಡನ್ನೂ ಮಾಡಿದ ಮೇಲೂ ಏನೋ ಕೊರತೆ ಎನಿಸಿದರೆ, ಆ ಕೊರತೆಗೆ ಒಂದು ಹೆಸರು ಕೊಡಿ. ‘ದನಿ ದೂರವಿದೆ’, ‘ತಾಳ ಚುಚ್ಚುತ್ತದೆ’, ‘ಒಂದು ಗಂಟೆಗೆ ಕಿವಿ ನೋಯುತ್ತದೆ’ ಹೀಗೆ. ಹೆಸರು ಕೊಡಲು ಆಗದಿದ್ದರೆ ನಿಮಗೆ ಬೇಕಿರುವುದು ಹೊಸ ಇಯರ್‌ಫೋನ್ ಅಲ್ಲ, ಹೊಸ ವಸ್ತು ಮಾತ್ರ. ಹೆಸರು ಕೊಟ್ಟಾಗ ಖರ್ಚು ಮಾಡಿ. ಆಗಲೂ ವೈರನ್ನು ಬಿಚ್ಚಿ ಬದಲಿಸಬಹುದಾದದ್ದನ್ನೇ ಆರಿಸಿ ಎನ್ನುತ್ತೇನೆ. ಅಗ್ಗದ ಇಯರ್‌ಫೋನ್‌ಗಳು ಸಾಯುವುದು ಹೆಚ್ಚಾಗಿ ವೈರಿನಿಂದ, ಜ್ಯಾಕಿನ ಬುಡದಲ್ಲಿ. ನಮ್ಮ ಲ್ಯಾಬಿನಲ್ಲಿ ಅಂಥವನ್ನು ಕತ್ತರಿಸಿ ಬೆಸುಗೆ ಹಾಕಲು ಕೂತವರಿಗೆ ಗೊತ್ತು, ಒಳಗಿನ ಕೂದಲೆಳೆಯಂಥ ತಂತಿಗಳ ಮೇಲೆ ಬಣ್ಣದ ಲೇಪ ಇರುತ್ತದೆ, ಅದನ್ನು ಸುಟ್ಟು ತೆಗೆಯದಿದ್ದರೆ ಸೀಸ ಹಿಡಿಯುವುದೇ ಇಲ್ಲ. ಬಿಚ್ಚುವ ವೈರಿದ್ದರೆ ಈ ಸರ್ಕಸ್ ಬೇಡ, ಕೆಲವು ನೂರು ರೂಪಾಯಿಗೆ ಹೊಸದು ಬರುತ್ತದೆ.

ವೈರೇ ಬೇಡ, ಬ್ಲೂಟೂತ್ ಬಡ್ಸ್ ಇರಲಿ ಎನ್ನುವವರ ವಾದವನ್ನೂ ನಾನು ಒಪ್ಪುತ್ತೇನೆ. ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಪಕ್ಕದವರ ಬ್ಯಾಗಿಗೆ ವೈರು ಸಿಕ್ಕಿ ಫೋನ್ ಸಮೇತ ಹೊರಟುಬಿಡುವ ಕಷ್ಟ ಸಣ್ಣದಲ್ಲ. ಈಗಿನ ಹಲವು ಫೋನ್‌ಗಳಲ್ಲಿ ಜ್ಯಾಕೇ ಇಲ್ಲ, ಅಂಥವಕ್ಕೆ ಟೈಪ್-ಸಿ ಕನ್ವರ್ಟರ್ ಬೇಕು. ಒಳಗೆ ಚಿಪ್ ಇಲ್ಲದ ಅಗ್ಗದ ಕನ್ವರ್ಟರ್ ಕೆಲವು ಫೋನ್‌ಗಳಲ್ಲಿ ಕೆಲಸವನ್ನೇ ಮಾಡುವುದಿಲ್ಲ, ‘ಡ್ಯಾಕ್’ ಇರುವುದನ್ನು ಕೇಳಿ ತೆಗೆದುಕೊಳ್ಳಬೇಕು. ಆದರೂ ಬಡ್ಸ್‌ನ ಪುಟ್ಟ ಬ್ಯಾಟರಿ ಎರಡು ಮೂರು ವರ್ಷದಲ್ಲಿ ಸೊರಗುತ್ತದೆ, ಬದಲಿಸಲು ಬರುವುದಿಲ್ಲ. ಬೆಲೆಯ ಒಂದು ಪಾಲು ಬ್ಯಾಟರಿಗೆ, ರೇಡಿಯೊಗೆ, ಡಬ್ಬಿಗೆ ಹೋಗಿರುತ್ತದೆ. ಸಂಬಳ ಶುರುವಾಗುವವರೆಗೆ ನನ್ನ ಮತ ವೈರಿಗೇ.

ಎಷ್ಟು ಸುರಿದರೂ ಇಯರ್‌ಫೋನ್ ಕೊಡಲಾಗದ ಒಂದು ಸಂಗತಿ ಇದೆ. ರೆಕಾರ್ಡಿಂಗಿನಲ್ಲೇ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ನಮ್ಮ ಸೀಮೆಯ ದೇವರಗುಡ್ಡರ, ನೀಲಗಾರರ ಹಾಡುಗಳಲ್ಲಿ ಈಗ ನಮ್ಮ ಫೋನ್‌ಗಳಲ್ಲಿರುವುದು ಬಹುತೇಕ ಕ್ಯಾಸೆಟ್ಟಿನಿಂದ ಇಳಿಸಿದ್ದು, ಇಲ್ಲವೇ ಜಾತ್ರೆಯಲ್ಲಿ ಯಾರೋ ಗುಂಪಿನ ಹಿಂದೆ ನಿಂತು ಮೊಬೈಲಿನಲ್ಲಿ ಹಿಡಿದದ್ದು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟುವಷ್ಟರಲ್ಲಿ ಅದೂ ಸವೆದಿರುತ್ತದೆ. ಇಪ್ಪತ್ತು ಸಾವಿರದ ಇಯರ್‌ಫೋನ್ ಹಾಕಿಕೊಂಡರೆ ಆ ಸವೆತವೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸೀತು. ಹಾಗಾಗಿ ಮುಂದಿನ ಚಿಕ್ಕಲ್ಲೂರು ಜಾತ್ರೆಗೆ ನಾವು ನಾಲ್ಕೈದು ಗೆಳೆಯರು ಒಂದು ಯೋಜನೆ ಹಾಕಿಕೊಂಡಿದ್ದೇವೆ. ಇಯರ್‌ಫೋನಿಗೆಂದು ಎತ್ತಿಟ್ಟ ದುಡ್ಡು ಸೇರಿಸಿ ಫೋನಿಗೆ ಸಿಕ್ಕಿಸುವ ಒಂದು ಸಣ್ಣ ಮೈಕ್ ಕೊಳ್ಳುವುದು, ಹಾಡುವವರ ಒಪ್ಪಿಗೆ ಕೇಳುವುದು, ಮೈಕನ್ನು ತಾಳದಿಂದ ದೂರಕ್ಕೆ, ಹಾಡುಗಾರನ ಎದೆಯ ಮಟ್ಟಕ್ಕೆ ಇಡುವುದು. ತಾತ ಕೇಳಿದ ಮೊದಲ ಪ್ರಶ್ನೆ, ‘ರಾತ್ರಿಯೆಲ್ಲ ಹಾಡ್ತರೆ, ನಿಮ್ಮ ಮೊಬೈಲ್ಗ ಅಷ್ಟು ಹೊತ್ತು ಬ್ಯಾಟ್ರಿ ಇದ್ದದಾ?’